ಸತುವಿನ ಬ್ಯಾಟರಿ: ಸುರಕ್ಷತೆಯ ಲೆಕ್ಕ, ತೂಕದ ಲೆಕ್ಕ

(ಮುಂಬಯಿಯಲ್ಲಿ ಸಂಘದ ಆಶ್ರಯದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಹಿತ್ಯ, ಯಕ್ಷಗಾನ, ಗಡಿಪ್ರಶ್ನೆ, ಹೊರನಾಡಿನ ಕನ್ನಡ ಶಾಲೆಗಳ ಅಳಿವು-ಉಳಿವು ಮೊದಲಾದ ವಿಷಯಗಳನ್ನು ಚರ್ಚಿಸುತ್ತ ಬಂದಿರುವ ಈ ವೇದಿಕೆಯಲ್ಲಿ ಬ್ಯಾಟರಿಯ ಬಗೆಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಅದಕ್ಕಾಗಿ ನಾನು ಕೃತಜ್ಞ. ರಸಾಯನಶಾಸ್ತ್ರವನ್ನು ಪಾಠ ಹೇಳಿ ನಿವೃತ್ತನಾದ ಅಧ್ಯಾಪಕ ನಾನು. ಸಂಶೋಧಕನೆಂದು ಹೇಳಿಕೊಳ್ಳುವ ಅಧಿಕಾರ ನನಗಿಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ವರ್ಷ ನಮ್ಮ ಹೌಸಿಂಗ್ ಸೊಸೈಟಿಯ ಮಹಾಸಭೆಯಲ್ಲಿ ದೊಡ್ಡದೊಂದು ವಾಗ್ವಾದ ನಡೆಯಿತು. ನಾಲ್ಕನೆಯ ಮಹಡಿಯಲ್ಲಿ ಒಬ್ಬ ತರುಣನಿದ್ದಾನೆ. ಮನೆಮನೆಗೆ ಊಟ, ಪಾರ್ಸೆಲು ತಲುಪಿಸುವುದು ಅವನ ಉದ್ಯೋಗ. ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಪ್ರತಿರಾತ್ರಿ ಕಳಚಿ, ಮೆಟ್ಟಲು ಹತ್ತಿ ತಂದು, ಮನೆಯ ಬಾಗಿಲ ಬಳಿ ಚಾರ್ಜಿಗೆ ಇಡುತ್ತಾನೆ. ಆ ಮನೆಗಿರುವುದು ಅದೊಂದೇ ಬಾಗಿಲು. ಸಿಕಂದರಾಬಾದಿನಲ್ಲಿ 2022ರ ಸೆಪ್ಟೆಂಬರ್ 12ರ ರಾತ್ರಿ ವಿದ್ಯುತ್ ಸ್ಕೂಟರುಗಳ ಮಳಿಗೆಯೊಂದರಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ವಸತಿಗೃಹಕ್ಕೆ ನುಗ್ಗಿ 8 ಜನ ಸತ್ತ ಸುದ್ದಿ ಎಲ್ಲರ ನೆನಪಿನಲ್ಲಿತ್ತು. ಬ್ಯಾಟರಿಯನ್ನು ಕಟ್ಟಡದೊಳಗೆ ತರಬಾರದೆಂದು ಕೆಲವರು ಪಟ್ಟು ಹಿಡಿದರು. ‘ಬ್ಯಾಟರಿ ತುಂಬದಿದ್ದರೆ ನಾಳೆ ನನಗೆ ದುಡಿಮೆಯಿಲ್ಲ’ ಎಂದು ಆತ ಹೇಳಿದ. ಎರಡು ಕಡೆಯ ಮಾತೂ ನಿಜವಾಗಿತ್ತು. ಆಗ ನಮ್ಮವರೇ ಆದ ಹಿರಿಯ ಮಹಿಳೆಯೊಬ್ಬರು ನನ್ನತ್ತ ತಿರುಗಿ ಕನ್ನಡದಲ್ಲಿ ಕೇಳಿದರು: ‘ಮಾಸ್ತರೆ, ನೀರಿನಿಂದ ನಡೆಯುವ ಸತುವಿನ ಬ್ಯಾಟರಿ ಬಂದಿದೆಯಂತೆ, ಅದು ಸುಡುವುದೇ ಇಲ್ಲವಂತೆ. ಹಾಗಾದರೆ ಎಲ್ಲರೂ ಅದನ್ನೇ ಏಕೆ ಮಾರುವುದಿಲ್ಲ?’

ಆ ದಿನ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಇಂದಿನ ಉಪನ್ಯಾಸ ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಪ್ರಯತ್ನ.

ಸತುವಿನ ಬ್ಯಾಟರಿ ಹೊಸದೇನಲ್ಲ. ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ ಮೊತ್ತಮೊದಲ ಬ್ಯಾಟರಿಯೇ ಸತುವಿನದು. ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು ಕಂಬದಂತೆ ಪೇರಿಸಿದ್ದು ಅದು. ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಸತುವಿಗೆ ಮ್ಯಾಂಗನೀಸ್ ಡಯಾಕ್ಸೈಡನ್ನು ಜೊತೆಗೂಡಿಸಿದ. ನಮ್ಮ ಬಾಲ್ಯದ ಟಾರ್ಚು, ಟ್ರಾನ್ಸಿಸ್ಟರುಗಳಲ್ಲಿದ್ದ ಸೆಲ್ಲುಗಳು ಇದೇ ವಂಶದವು. ಶಕ್ತಿ ಕುಂದಿದ ಸೆಲ್ಲುಗಳನ್ನು ಬಿಸಿಲಿಗಿಟ್ಟು ಮತ್ತೆರಡು ದಿನ ಓಡಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬಿಸಿಲಿನ ಕಾವಿಗೆ ಒಳಗಿನ ಚಲನೆ ತುಸು ಚುರುಕಾಗುತ್ತಿತ್ತು, ಅಷ್ಟೇ, ಸೆಲ್ಲು ಮರುಪೂರಣಗೊಳ್ಳುತ್ತಿರಲಿಲ್ಲ. ಆ ಸೆಲ್ಲುಗಳು ಒಮ್ಮೆ ಬಳಸಿ ಎಸೆಯುವಂಥವು.

ಈ ಲೋಹದೊಂದಿಗೆ ನಮ್ಮ ದೇಶದ ನಂಟು ವೋಲ್ಟಾನಿಗಿಂತ ಬಹು ಹಿಂದಿನದು. ಅದಿರಿನಿಂದ ಸತುವನ್ನು ಬೇರ್ಪಡಿಸುವುದು ಸುಲಭವಲ್ಲ. ಕುಲುಮೆಯ ಕಾವಿನಲ್ಲಿ ಅದು ಆವಿಯಾಗಿ ಹೊರಡುತ್ತದೆ, ಗಾಳಿ ತಗುಲಿದೊಡನೆ ಮತ್ತೆ ಆಕ್ಸೈಡಾಗುತ್ತದೆ. ರಾಜಸ್ಥಾನದ ಉದಯಪುರದ ಹತ್ತಿರದ ಜಾವರಿನಲ್ಲಿ ಬದನೆಕಾಯಿಯಾಕಾರದ ಮಣ್ಣಿನ ಮೂಷೆಗಳನ್ನು ತಲೆಕೆಳಗಾಗಿ ಜೋಡಿಸಿ, ಆವಿಯನ್ನು ಕೆಳಕ್ಕಿಳಿಸಿ ತಣಿಸಿ, ಶತಮಾನಗಳ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ಸತುವನ್ನು ತೆಗೆಯುತ್ತಿದ್ದರು. 1980ರ ದಶಕದಲ್ಲಿ ಬರೋಡದ ವಿಶ್ವವಿದ್ಯಾಲಯ, ಬ್ರಿಟಿಷ್ ಮ್ಯೂಸಿಯಂ ಹಾಗೂ ಹಿಂದೂಸ್ತಾನ್ ಜಿಂಕ್ ಸೇರಿ ನಡೆಸಿದ ಉತ್ಖನನದಲ್ಲಿ ಆ ಕುಲುಮೆಗಳೇ ದೊರೆತವು. ಯೂರೋಪಿನಲ್ಲಿ ವಿಲಿಯಂ ಚಾಂಪಿಯನ್ ಇಂಥ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಸತು ನಮ್ಮ ನೆಲದಲ್ಲಿ ಸಿಗುವ ಲೋಹ, ಅದನ್ನು ತೆಗೆಯುವ ವಿದ್ಯೆ ನಮಗೆ ತಿಳಿದಿದೆ ಎಂಬುದು ಮುಂದಿನ ಮಾತಿಗೆ ಬೇಕಾಗುತ್ತದೆ.

ಈಗ ಬೆಂಕಿಯ ವಿಷಯಕ್ಕೆ ಬರೋಣ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನು ಬ್ಯಾಟರಿ ಇಂದು ಮೊಬೈಲಿನಿಂದ ಬಸ್ಸಿನವರೆಗೆ ಎಲ್ಲೆಡೆ ಇದೆ. ಅದಕ್ಕೆ ಬುನಾದಿ ಹಾಕಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದರ ಸಾಮರ್ಥ್ಯದ ಗುಟ್ಟೂ ಅಪಾಯದ ಗುಟ್ಟೂ ಒಂದೇ. ಲಿಥಿಯಂ ಕೋಶದ ವೋಲ್ಟೇಜು ಮೂರಕ್ಕಿಂತ ಹೆಚ್ಚು. ಅಷ್ಟು ಒತ್ತಡವನ್ನು ಸಾಮಾನ್ಯ ನೀರು ತಾಳಲಾರದು. ಆದುದರಿಂದ ನೀರಿನ ಬದಲು ಹೊತ್ತಿಕೊಳ್ಳುವ ಸಾವಯವ ದ್ರವವನ್ನು ಬಳಸಬೇಕಾಗುತ್ತದೆ. ಕೋಶ ಜಜ್ಜಿದರೆ, ಅತಿಯಾಗಿ ಚಾರ್ಜಾದರೆ, ಅಥವಾ ಒಳಗೇ ತಂತಿ ತಾಗಿದಂತಾದರೆ ಕಾವೇರುತ್ತದೆ. ಕಾವು ಇನ್ನಷ್ಟು ಕ್ರಿಯೆಗಳನ್ನು ಕೆರಳಿಸುತ್ತದೆ, ಆ ಕ್ರಿಯೆಗಳು ಮತ್ತಷ್ಟು ಕಾವನ್ನು ಹುಟ್ಟಿಸುತ್ತವೆ. ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಅದು ಹಬ್ಬುತ್ತದೆ. ಎಲ್ಲ ಲಿಥಿಯಂ ಬ್ಯಾಟರಿಗಳೂ ಒಂದೇ ಬಗೆಯವಲ್ಲ. ಕಬ್ಬಿಣದ ಫಾಸ್ಫೇಟನ್ನು ಬಳಸುವವು ಹೆಚ್ಚು ಶಾಂತ ಸ್ವಭಾವದವು. 2022ರ ಅವಘಡಗಳ ಬಳಿಕ ಕೇಂದ್ರ ಸರಕಾರ ವಾಹನಗಳ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಆದರೂ ಉರಿಯುವ ದ್ರವ ಒಳಗಿರುವವರೆಗೆ ಅಪಾಯ ಕಡಿಮೆಯಾಗಬಹುದೇ ಹೊರತು ಇಲ್ಲವಾಗದು.

ಸತುವಿನ ವಿಶೇಷವೆಂದರೆ ಅದು ನೀರಿನೊಡನೆ ಬಾಳಬಲ್ಲದು. ಲಿಥಿಯಂ ಲೋಹ ನೀರಿನೊಡನೆ ಕೂಡಲೇ ವರ್ತಿಸುತ್ತದೆ. ಸತುವೂ ನಿಯಮದ ಪ್ರಕಾರ ನೀರಿನಿಂದ ಜಲಜನಕವನ್ನು ಬಿಡಿಸಬೇಕಾದುದೇ. ಆದರೆ ಅದರ ಮೈಮೇಲೆ ಆ ಕ್ರಿಯೆ ಬಹಳ ನಿಧಾನ. ಈ ನಿಧಾನವೇ ಸತುವಿನ ಬ್ಯಾಟರಿಯನ್ನು ಸಾಧ್ಯವಾಗಿಸಿದೆ. ಬ್ಯಾಟರಿ ಕೆಲಸ ಮಾಡುವಾಗ ಸತುವಿನ ಪ್ರತಿ ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ. ಚಾರ್ಜು ಮಾಡುವಾಗ ಹಿಂದಿರುಗಿ ಲೋಹವಾಗುತ್ತದೆ. ಒಂದು ಗ್ರಾಂ ಸತು ತಾತ್ವಿಕವಾಗಿ 820 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಕೊಡಬಲ್ಲದು. ಒಂದು ಘನ ಸೆಂಟಿಮೀಟರಿನ ಲೆಕ್ಕದಲ್ಲಿ ಇದು 5,855. ಲಿಥಿಯಂ ಲೋಹದ್ದು 2,061 ಮಾತ್ರ.

ಈ ಅಂಕಿಯನ್ನು ಓದಿದವರು ಸತುವೇ ಗೆದ್ದಿತೆಂದು ಭಾವಿಸುವುದು ಸಹಜ. ಪತ್ರಿಕೆಗಳ ತಲೆಬರಹಗಳೂ ಹಾಗೆಯೇ ಬರುತ್ತವೆ. ಆದರೆ ಶಕ್ತಿಯೆಂದರೆ ವಿದ್ಯುತ್ತಿನ ಪ್ರಮಾಣವನ್ನು ವೋಲ್ಟೇಜಿನಿಂದ ಗುಣಿಸಿದ್ದು. ಸುಮಾರು 1.23 ವೋಲ್ಟು ದಾಟಿದರೆ ನೀರು ತಾತ್ವಿಕವಾಗಿ ಜಲಜನಕ, ಆಮ್ಲಜನಕಗಳಾಗಿ ಒಡೆಯತಕ್ಕದ್ದು. ಒಡೆಯುವ ಕ್ರಿಯೆ ನಿಧಾನವಾಗಿರುವುದರಿಂದ ತುಸು ಮೇಲಕ್ಕೆ ಹೋಗಬಹುದು, ಅಷ್ಟೇ. ಸತು-ಮ್ಯಾಂಗನೀಸ್ ಕೋಶ ಸರಿಸುಮಾರು 1.3 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ನಮಗೆ ಸುರಕ್ಷತೆ ಕೊಟ್ಟ ನೀರೇ ಶಕ್ತಿಯ ಮೇಲೆ ಸುಂಕವನ್ನೂ ವಸೂಲು ಮಾಡುತ್ತದೆ.

ಎರಡನೆಯ ಸುಂಕ ಕಣ್ಣಿಗೆ ಬೀಳುವುದು ಕಷ್ಟ. ಅದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಮನೆಗೆ ಹೋಗಿ ನೀವೂ ಮಾಡಿ ನೋಡಬಹುದು. ಮ್ಯಾಂಗನೀಸ್ ಡಯಾಕ್ಸೈಡಿನ ಒಂದು ಗ್ರಾಂ, ಒಂದು ಎಲೆಕ್ಟ್ರಾನಿನ ಲೆಕ್ಕದಲ್ಲಿ, 308 ಮಿಲಿಆಂಪಿಯರ್-ಗಂಟೆ ಕೊಡುತ್ತದೆ. 1.3 ವೋಲ್ಟಿನಿಂದ ಗುಣಿಸಿದರೆ ಸುಮಾರು 0.4 ವಾಟ್-ಗಂಟೆ, ಅಂದರೆ ಕಿಲೋಗೆ 400. ಹಲವು ಘೋಷಣೆಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಇದಕ್ಕೆ ಜೊತೆಯಾಗಿ ಕನಿಷ್ಠ 0.38 ಗ್ರಾಂ ಸತು ಬೇಕು. ಅದನ್ನು ಕೂಡಿಸಿದರೆ ಕಿಲೋಗೆ ಸುಮಾರು 290 ವಾಟ್-ಗಂಟೆಗೆ ಇಳಿಯಿತು. ಇದು ಸತುವಿನ ಕೊನೆಯ ಕಣದವರೆಗೂ ಬಳಕೆಯಾದರೆ ಮಾತ್ರ. ಪ್ರಯೋಗಾಲಯದಲ್ಲಿ ಸಾವಿರಾರು ಆವರ್ತ ಬಾಳಿತೆಂದು ವರದಿಯಾಗುವ ಎಷ್ಟೋ ಕೋಶಗಳಲ್ಲಿ ದಪ್ಪ ಸತುವಿನ ಹಾಳೆಯನ್ನಿಟ್ಟು, ಪ್ರತಿಬಾರಿ ಅದರ ಸಣ್ಣದೊಂದು ಪಾಲನ್ನು ಮಾತ್ರ ಬಳಸುತ್ತಾರೆ. ನೂರರಲ್ಲಿ ಐದು ಪಾಲು ಬಳಸಿದರೆ 0.38ರ ಬದಲು 7.5 ಗ್ರಾಂ ಸತುವನ್ನು ಹೊರಬೇಕು. ಆಗ ಕಿಲೋಗೆ ದಕ್ಕುವುದು 47 ವಾಟ್-ಗಂಟೆ. ಇದರ ಮೇಲೆ ದ್ರಾವಣ, ಬೇರ್ಪಡಿಸುವ ಪರೆ, ಲೋಹದ ಪಟ್ಟಿ, ಕವಚ ಇವುಗಳ ತೂಕ. ಕಾರಿನ ಸೀಸ-ಆಮ್ಲ ಬ್ಯಾಟರಿ ಇಡಿಯಾಗಿ ಕಿಲೋಗೆ 30ರಿಂದ 40 ಕೊಡುತ್ತದೆ. ಲಿಥಿಯಂ ಕೋಶಗಳು 150ರಿಂದ 250ರವರೆಗೆ ಕೊಡುತ್ತವೆ. ಕಡತದಲ್ಲಿ 400 ಎಂದಿದ್ದುದು ಕೈಗೆ ಬರುವಾಗ ಹಳೆಯ ಸೀಸದ ಬ್ಯಾಟರಿಯ ನೆರೆಹೊರೆಗೆ ಬಂದು ನಿಂತಿತು.

ಹಾಗಾದರೆ ಸತುವನ್ನು ಪೂರ್ತಿ ಏಕೆ ಬಳಸುವುದಿಲ್ಲ? ಮರಳಿ ಲೋಹವಾಗುವಾಗ ಅದು ಸಮನಾಗಿ ಕೂರುವುದಿಲ್ಲ. ಒಂದೆಡೆ ಸ್ವಲ್ಪ ಉಬ್ಬಿದರೆ ಮುಂದಿನ ಕಣಗಳೂ ಅಲ್ಲಿಗೇ ಸೇರುತ್ತವೆ. ಕ್ರಮೇಣ ಸೂಜಿಯಂತೆ, ಮರದ ಕೊಂಬೆಯಂತೆ ಬೆಳೆದು ಪರೆಯನ್ನು ತೂರಿ ಎದುರಿನ ಧ್ರುವವನ್ನು ಮುಟ್ಟುತ್ತವೆ. ಅಲ್ಲಿಗೆ ಕೋಶದ ಆಯುಸ್ಸು ಮುಗಿಯಿತು. ಇನ್ನೊಂದೆಡೆ ನೀರು ಸತುವನ್ನು ನಿಧಾನವಾಗಿ ತಿನ್ನುತ್ತಲೇ ಇರುತ್ತದೆ. ಜಲಜನಕ ಹೊರಡುತ್ತದೆ, ಮೈಮೇಲೆ ವಿದ್ಯುತ್ತು ಹರಿಯದ ಬಿಳಿಯ ಪೊರೆ ಕೂರುತ್ತದೆ. ಧನಧ್ರುವದ ಮ್ಯಾಂಗನೀಸು ಕೂಡ ಸ್ವಲ್ಪಸ್ವಲ್ಪವಾಗಿ ದ್ರಾವಣಕ್ಕೆ ಕರಗುತ್ತದೆ.

ಇಲ್ಲಿ ಸುರಕ್ಷತೆಯ ಬಗೆಗೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನೀರಿನ ದ್ರಾವಣ ಹೊತ್ತಿಕೊಳ್ಳುವುದಿಲ್ಲವೆಂಬುದು ನಿಜ. ಒಳಗೆ ಧ್ರುವಗಳು ತಾಗಿದರೂ ನೀರು ಕಾವನ್ನು ಹೀರಿಕೊಳ್ಳುತ್ತದೆ. ಆದರೆ ಮುಚ್ಚಿದ ಕೋಶದಲ್ಲಿ ಜಲಜನಕ ಸೇರಿದರೆ ಕೋಶ ಉಬ್ಬುತ್ತದೆ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲು ಜಲಜನಕವಿದ್ದರೆ ಒಂದು ಕಿಡಿ ಸಾಕು. ಕ್ಷಾರ ದ್ರಾವಣ ಬಳಸುವ ಕೋಶ ಸೋರಿದರೆ ಚರ್ಮ ಸುಡುತ್ತದೆ. ಹಿಂದೆ ಒಣಸೆಲ್ಲುಗಳಲ್ಲಿ ಈ ಅನಿಲವನ್ನು ತಡೆಯಲು ಸತುವಿಗೆ ಪಾದರಸ ಬೆರೆಸುತ್ತಿದ್ದರು. ಒಂದು ತೊಂದರೆಯನ್ನು ತಪ್ಪಿಸಲು ವಿಷವನ್ನು ತಂದುಕೊಂಡದ್ದು ಅದು. ಅದನ್ನು ಬಿಡಿಸಲು ದಶಕಗಳೇ ಹಿಡಿದವು. ಆದಕಾರಣ ‘ಸುಡುವುದೇ ಇಲ್ಲ’ ಎಂಬ ಮಾತಿಗಿಂತ ‘ಲಿಥಿಯಂ ಸುಡುವಂತೆ ಸುಡುವುದಿಲ್ಲ’ ಎಂಬುದು ಸತ್ಯಕ್ಕೆ ಹತ್ತಿರ.

ಇನ್ನು ಪರಿಹಾರಗಳ ಕಥೆ. ಕ್ಷಾರದ ಬದಲು ಸತುವಿನ ಸಲ್ಫೇಟಿನ ಮೃದು ದ್ರಾವಣ ಬಳಸಿ ಮರುಪೂರಣದ ಕೋಶ ಮಾಡಬಹುದೆಂದು ಜಪಾನಿನ ಸಂಶೋಧಕರು 1986ರಲ್ಲೇ ತೋರಿಸಿದ್ದರು. ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಆ ದಾರಿಯನ್ನು ಮತ್ತೆ ತೆರೆಯಿತು. 2016ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ದ್ರಾವಣಕ್ಕೆ ಮೊದಲೇ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟು ಬೆರೆಸಿದರು. ದ್ರಾವಣದಲ್ಲಿ ಮ್ಯಾಂಗನೀಸು ಆಗಲೇ ಇದ್ದರೆ ಧ್ರುವದಿಂದ ಇನ್ನಷ್ಟು ಕರಗುವುದು ತಗ್ಗುತ್ತದೆ. ಉಪಾಯ ಸರಳ, ಕೋಶ 5,000 ಆವರ್ತಗಳವರೆಗೆ ಬಾಳಿತು.

ನೀರಿನ ವೋಲ್ಟೇಜಿನ ಮಿತಿಯನ್ನು ಮೀರಲು ಇನ್ನೊಂದು ದಾರಿ ಹಿಡಿದವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು. ಉಪ್ಪನ್ನು ಎಷ್ಟು ದಟ್ಟವಾಗಿ ಕರಗಿಸಿದರೆಂದರೆ, ನೀರಿನ ಅಣುಗಳೆಲ್ಲ ಅಯಾನುಗಳ ಸೇವೆಗೇ ನಿಂತು, ಒಡೆಯಲು ಬಿಡುವಿರುವ ನೀರು ಉಳಿಯಲಿಲ್ಲ. 2015ರಲ್ಲಿ ಈ ವಿಧಾನದಿಂದ ಸುಮಾರು 3 ವೋಲ್ಟುಗಳ ಅವಕಾಶ ದೊರೆಯಿತು. 2018ರಲ್ಲಿ ಇದನ್ನು ಸತುವಿಗೆ ಅನ್ವಯಿಸಿ, ಸತು ಸೂಜಿಗಟ್ಟದೆ, ನಷ್ಟವಿಲ್ಲದೆ ಹಿಂದಿರುಗುವುದನ್ನು ತೋರಿಸಿದರು. ಆದರೆ ಆ ಉಪ್ಪು ಫ್ಲೋರಿನ್ ಕೂಡಿದ ದುಬಾರಿ ಲಿಥಿಯಂ ಲವಣ. ಯಾವ ಲಿಥಿಯಂ ಬೇಡವೆಂದು ಸತುವಿನ ಬಳಿಗೆ ಬಂದೆವೋ ಅದನ್ನೇ ದ್ರಾವಣದ ಮೂಲಕ ಮತ್ತೆ ಕೊಳ್ಳಬೇಕಾಯಿತು. ನೀರಿಗೆ ಸಾವಯವ ದ್ರವ ಬೆರೆಸಿ ಜಲಜನಕವನ್ನು ತಡೆಯುವ ಪ್ರಯತ್ನಗಳೂ ಇವೆ. ಪ್ರಮಾಣ ಮೀರಿದರೆ ಮಿಶ್ರಣವೇ ಹೊತ್ತಿಕೊಳ್ಳಬಲ್ಲದು. ಸಾಂದ್ರತೆಯನ್ನು ಏರಿಸಹೋಗಿ ಸುರಕ್ಷತೆಯನ್ನು ಬಿಟ್ಟುಕೊಡುವ ಈ ಅಪಾಯ ಈ ಕ್ಷೇತ್ರದಲ್ಲಿ ಹೆಜ್ಜೆ ಹೆಜ್ಜೆಗೂ ಇದೆ.

ನನಗೆ ಹೆಚ್ಚು ಮೆಚ್ಚಿಗೆಯಾದ ಕೆಲಸ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ್ದು. 2017ರಲ್ಲಿ ಅವರು ದ್ರಾವಣವನ್ನು ಬಿಟ್ಟು ಸತುವಿನ ಆಕಾರವನ್ನೇ ಬದಲಿಸಿದರು. ಪುಡಿಯ ಬದಲು ಸ್ಪಂಜಿನಂತೆ ತೂತುತೂತಾದ, ಆದರೆ ಒಳಗೆಲ್ಲ ಒಂದಕ್ಕೊಂದು ಕೂಡಿಕೊಂಡ ಸತುವನ್ನು ಮಾಡಿದರು. ವಿದ್ಯುತ್ತು ಎಲ್ಲೆಡೆ ಸಮನಾಗಿ ಹರಡುವುದರಿಂದ ಸೂಜಿ ಬೆಳೆಯಲು ನೆಲೆ ಸಿಗುವುದಿಲ್ಲ. ನಿಕ್ಕಲಿನ ಜೊತೆಗೂಡಿಸಿದ ಆ ಕೋಶದಲ್ಲಿ ಸತುವಿನ ನೂರಕ್ಕೆ 40 ಪಾಲನ್ನು ಬಳಸಿಯೂ ನೂರಕ್ಕೂ ಹೆಚ್ಚು ಆವರ್ತಗಳು ಸಾಧ್ಯವಾದವು. ನಮ್ಮ ಹಿಂದಿನ ಲೆಕ್ಕದಲ್ಲಿ ಐದರ ಬದಲು 40 ಪಾಲು ಎಂದಿಟ್ಟುಕೊಳ್ಳಿ: ಬೇಕಾಗುವ ಸತು 7.5 ಗ್ರಾಮಿನಿಂದ 0.94ಕ್ಕೆ ಇಳಿಯುತ್ತದೆ; 47 ಇದ್ದದ್ದು 200ರ ಮೇಲೆ ಹೋಗುತ್ತದೆ. ಹೊಸ ಧಾತು ಯಾವುದೂ ಬೇಕಾಗಲಿಲ್ಲ, ಉರಿಯುವ ದ್ರವವೂ ಬೇಕಾಗಲಿಲ್ಲ. ಶಕ್ತಿಸಾಂದ್ರತೆ ಹೆಚ್ಚಿಸುವುದೆಂದರೆ ಬಹುಮಟ್ಟಿಗೆ ಹೊತ್ತ ಸತುವನ್ನು ದುಡಿಸಿಕೊಳ್ಳುವುದು ಎಂಬುದು ಇದರಿಂದ ಮನದಟ್ಟಾಗುತ್ತದೆ. ಮ್ಯಾಂಗನೀಸಿನಿಂದ ಒಂದರ ಬದಲು ಎರಡು ಎಲೆಕ್ಟ್ರಾನು ಪಡೆದು 308ನ್ನು 616ಕ್ಕೆ ಏರಿಸುವ ಪ್ರಯತ್ನಗಳೂ ನಡೆದಿವೆ. ಅದಕ್ಕೆ ಆಮ್ಲೀಯ ದ್ರಾವಣ ಬೇಕಾಗಿ, ಸತುವಿನ ಸವೆತ ಹೆಚ್ಚುವ ಇನ್ನೊಂದು ತೊಡಕು ಎದುರಾಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಬ್ಯಾಟರಿ ಎಲ್ಲಿಗೆ ಬೇಕು ಎಂಬ ಪ್ರಶ್ನೆಯನ್ನು ಕೇಳಬೇಕು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರವಿದ್ಯುತ್ ಉದ್ಯಾನವಿದೆ. ಸೂರ್ಯ ಮುಳುಗಿದೊಡನೆ ಅದರ ಉತ್ಪಾದನೆ ನಿಲ್ಲುತ್ತದೆ. ಊರೂರಿನ ದೀಪಗಳು ಹೊತ್ತುವುದು ಆಗಲೇ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕಾದಿರಿಸುವ ಬ್ಯಾಟರಿ ಅಲ್ಲಿ ನೆಲದ ಮೇಲೆ ಕೂತಿರುತ್ತದೆ. ಅದು ಎರಡು ಪಟ್ಟು ಭಾರವಾದರೆ ಯಾರ ಬೆನ್ನಿಗೂ ನೋವಾಗದು. ಆಸ್ಪತ್ರೆ, ದೂರವಾಣಿ ಗೋಪುರ, ಕಟ್ಟಡದ ಲಿಫ್ಟು, ಇವುಗಳಿಗೂ ಇದೇ ಮಾತು. ಅಲ್ಲೆಲ್ಲ ಬೆಲೆ, ಬಾಳಿಕೆ, ಸುರಕ್ಷತೆ ಈ ಮೂರೇ ಮುಖ್ಯ.

ಕಚ್ಚಾವಸ್ತುವಿನ ದೃಷ್ಟಿಯಿಂದಲೂ ಯೋಚಿಸೋಣ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತೆಂದು ನಾವೆಲ್ಲ ಸಂತೋಷಪಟ್ಟೆವು. ಸರಕಾರ 2021ರಲ್ಲಿ ತಿಳಿಸಿದ ಅಂದಾಜು 1,600 ಟನ್. ಒಂದು ದೇಶದ ಬೇಡಿಕೆಗೆ ಇದು ತೀರ ಅಲ್ಪ. ಸತು ರಾಜಸ್ಥಾನದಲ್ಲಿ ಧಾರಾಳವಾಗಿದೆ. ಮ್ಯಾಂಗನೀಸಿನ ಅದಿರು ನಮ್ಮ ಸಂಡೂರಿನಲ್ಲಿದೆ. ಅದಿರಿದ್ದ ಮಾತ್ರಕ್ಕೆ ಬ್ಯಾಟರಿಯಾಗದು; ಶುದ್ಧೀಕರಿಸುವ ಕಾರ್ಖಾನೆ, ಪರೀಕ್ಷಿಸುವ ಪ್ರಯೋಗಾಲಯ, ಕೊಳ್ಳುವ ಸರಕಾರಿ ಮಂಡಳಿ ಇವೆಲ್ಲ ಬೇಕು. ಹಿಂದೂಸ್ತಾನ್ ಜಿಂಕ್ 1966ರಲ್ಲಿ ಸರಕಾರಿ ಉದ್ಯಮವಾಗಿ ಹುಟ್ಟಿತು; 2002ರಲ್ಲಿ ಅದರ ಆಡಳಿತ ಖಾಸಗಿಯವರ ಕೈಸೇರಿತು. ಅದಿರು ಯಾರ ಕೈಯಲ್ಲಿದ್ದರೂ ಅದರಿಂದ ಸಾರ್ವಜನಿಕ ಪ್ರಯೋಜನ ಪಡೆಯುವ ಯೋಜನೆ ಸರಕಾರಗಳದೇ ಆಗಿರಬೇಕು. ಸಂಡೂರಿನ ಮಣ್ಣು ಹಡಗು ಹತ್ತಿ ಹೋದುದನ್ನು ಕಂಡ ನಾವು ಇದನ್ನು ಕೇಳದೆ ಇನ್ನಾರು ಕೇಳಬೇಕು?

ಮಾರುಕಟ್ಟೆಯ ಕಷ್ಟವನ್ನೂ ಮರೆಮಾಚಬಾರದು. ಲಿಥಿಯಂ ಬ್ಯಾಟರಿಯ ಬೆಲೆ ಮೂರು ದಶಕಗಳಲ್ಲಿ ಬಹಳವಾಗಿ ಇಳಿದಿದೆ. ಅದರೊಡನೆ ಪೈಪೋಟಿ ನಡೆಸಲಾರದೆ ಸತು-ಬ್ರೋಮಿನ್ ಬ್ಯಾಟರಿ ತಯಾರಿಸುತ್ತಿದ್ದ ಆಸ್ಟ್ರೇಲಿಯದ ಕಂಪನಿಯೊಂದು 2024ರಲ್ಲಿ ದಿವಾಳಿಯಾಗಿ ಮುಚ್ಚಿತು. ಆ ಹಿರಿಯ ಮಹಿಳೆಯ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ. ಬೆಂಕಿಯ ಅಪಾಯವನ್ನು ಬೆಲೆಯ ಚೀಟಿಯಲ್ಲಿ ಬರೆದಿರುವುದಿಲ್ಲ; ಆ ಬೆಲೆಯನ್ನು ತೆರುವವರು ಮೇಲಿನ ಮಹಡಿಯಲ್ಲಿ ಮಲಗಿದವರು.

ಕೊನೆಯದಾಗಿ ನಾಲ್ಕನೆಯ ಮಹಡಿಯ ತರುಣನ ವಿಷಯ. ಅವನ ಸ್ಕೂಟರಿಗೆ ಎರಡು ಯೂನಿಟ್ ಶಕ್ತಿ ಬೇಕೆಂದಿಟ್ಟುಕೊಳ್ಳೋಣ. ಕಿಲೋಗೆ 150 ವಾಟ್-ಗಂಟೆ ಕೊಡುವ ಲಿಥಿಯಂ ಪೆಟ್ಟಿಗೆಯಾದರೆ ಸುಮಾರು 13 ಕಿಲೋ. ಕಿಲೋಗೆ 60 ಕೊಡುವ ಸತುವಿನದಾದರೆ 33 ಕಿಲೋ. ದಿನವಿಡೀ ದುಡಿದು ಬಂದವನು 33 ಕಿಲೋ ಹೊತ್ತು ನಾಲ್ಕು ಮಹಡಿ ಹತ್ತಲಾರ. ಸತುವಿನ ಬ್ಯಾಟರಿ ಇಂದು ಅವನಿಗೆ ಉತ್ತರವಾಗಲಾರದು. ಇದನ್ನು ನಾನು ಸೊಸೈಟಿಯ ಮುಂದಿನ ಸಭೆಯಲ್ಲಿ ಇದೇ ಲೆಕ್ಕದೊಡನೆ ಹೇಳಿದೆ. ಅವನನ್ನು ತಡೆಯುವ ಬದಲು, ಗೇಟಿನ ಬಳಿ ಗಾಳಿಯಾಡುವ ಕಡೆ, ಮೆಟ್ಟಲಿಗೂ ಗ್ಯಾಸ್ ಸಿಲಿಂಡರುಗಳಿಗೂ ದೂರವಾಗಿ, ಬೇರೆ ಮೀಟರಿನೊಡನೆ ಒಂದು ಚಾರ್ಜಿಂಗ್ ಕಟ್ಟೆ ಮಾಡಿಸೋಣವೆಂದೆ. ಎರಡು ತಿಂಗಳ ಚರ್ಚೆಯ ಬಳಿಕ ಅದು ಒಪ್ಪಿಗೆಯಾಯಿತು. ಈಗ ಅಲ್ಲಿ ಮೂರು ಸ್ಕೂಟರುಗಳು ನಿಲ್ಲುತ್ತವೆ. ಲಿಫ್ಟಿನ ಹಳೆಯ ಸೀಸದ ಬ್ಯಾಟರಿಗಳನ್ನು ಬದಲಿಸುವ ದಿನ ಬಂದಾಗ ಸತುವಿನವು ಸಿಗುತ್ತವೆಯೇ ಎಂದು ವಿಚಾರಿಸುವುದಾಗಿ ಕಾರ್ಯದರ್ಶಿಗಳು ಬರೆದುಕೊಂಡಿದ್ದಾರೆ.

ಬಂಧುಗಳೆ, ಹೊಸ ಬ್ಯಾಟರಿಯ ಸುದ್ದಿಯನ್ನು ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಿ. ಹೇಳಿದ ಅಂಕಿ ಇಡೀ ಬ್ಯಾಟರಿಯದೋ, ಒಂದು ಧ್ರುವದ ಪುಡಿಯದೋ? ಪ್ರತಿ ಆವರ್ತದಲ್ಲಿ ಲೋಹದ ಎಷ್ಟು ಪಾಲು ದುಡಿಯಿತು? ಕೆಟ್ಟಾಗ ಅದು ಹೇಗೆ ಕೆಡುತ್ತದೆ? ಇವಕ್ಕೆ ನೇರ ಉತ್ತರ ದೊರೆತರೆ ನಂಬಿ, ದೊರೆಯದಿದ್ದರೆ ಕಾಯಿರಿ. ವಿಜ್ಞಾನವನ್ನು ನಮ್ಮ ಭಾಷೆಯಲ್ಲಿ ಕೇಳುವ ಹಕ್ಕು ನಮಗಿದೆ. ಆ ಹಿರಿಯ ಮಹಿಳೆ ಸಭೆಯಲ್ಲಿ ಕನ್ನಡದಲ್ಲಿ ಕೇಳಿದ್ದರಿಂದಲೇ ನಾನು ಇಷ್ಟು ಲೆಕ್ಕ ಮಾಡಬೇಕಾಯಿತು.